ಬೀದಿ ನಾಟಕ ಸೋತ ಊರಲ್ಲಿ ಗೀಗೀ ಪದ ಗೆದ್ದಿತು

"ಗೀಗೀ ಪದ ಹಾಡಿಸಿ ಮದುವೆ ನಿಲ್ಲಿಸ್ತೀಯಾ?" ಅಂತ ನಕ್ಕವರೇ ಈಗ ಫೋನ್ ಮಾಡಿ ಮೇಳದವರ ನಂಬರ್ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೊಪ್ಪಳ ಜಿಲ್ಲೆಯ 15-16 ಹಳ್ಳಿಗಳಲ್ಲಿ ಬಾಲ್ಯವಿವಾಹ ತಡೆಯುವ ಕೆಲಸ ನನ್ನದು. ಮೊದಲ ಎರಡು ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆ. ಜೀಪು, ಮೈಕು, ಬೀದಿ ನಾಟಕ. ಒಂದು ಆಟಕ್ಕೆ 6 ಸಾವಿರದ ಹತ್ತಿರ ಖರ್ಚು, ಸುಮಾರು 40 ಆಟ. ಒಂದೂರಲ್ಲಿ ಮುಂದೆ ಕೂತು ಚಪ್ಪಾಳೆ ತಟ್ಟಿದವರ ಮನೆಯಲ್ಲೇ 15 ದಿನಕ್ಕೆ ಒಂಬತ್ತನೇ ಕ್ಲಾಸಿನ ಹುಡುಗಿಯ ಮದುವೆ ಆಯಿತು. ನಾಟಕದ ದಿನ ನಮಗೆ ನೀರು ತಂದುಕೊಟ್ಟವಳು ಅವಳೇ. ಅವತ್ತು ನನಗೆ ಊಟ ಸೇರಲಿಲ್ಲ.

ನಮ್ಮ ನಾಟಕದ ಅಪ್ಪ ಕುಡುಕ, ಕೆಟ್ಟವನು. ಊರಿನ ಅಪ್ಪಂದಿರು ಹಾಗಿಲ್ವಲ್ಲ. ದುಡಿಯೋಕೆ ಗುಳೆ ಹೋಗುವಾಗ ಬೆಳೆದ ಮಗಳನ್ನು ಯಾರ ಹತ್ತಿರ ಬಿಡೋದು? ಅಕ್ಕನ ಮದುವೆಯಲ್ಲೇ ತಂಗಿಯದೂ ಮುಗಿದರೆ ಒಂದೇ ಖರ್ಚು. ಈ ಲೆಕ್ಕಕ್ಕೆ ನಾವು ಉತ್ತರವನ್ನೇ ಕೊಟ್ಟಿರಲಿಲ್ಲ.

ಗೀಗೀ ಪದದಲ್ಲಿ ಹರದೇಶಿ-ನಾಗೇಶಿ ಅನ್ನೋ ಹಾಡಿನ ಸ್ಪರ್ಧೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗಂಡು ಹೆಚ್ಚು ಅಂತ ಒಂದು ಮೇಳ, ಹೆಣ್ಣು ಹೆಚ್ಚು ಅಂತ ಇನ್ನೊಂದು, ರಾತ್ರಿಯಿಡೀ ಸವಾಲು-ಜವಾಬು. ಹರದೇಶಿಯವರಿಗೆ ಅಪ್ಪನ ವಾದ ಕೊಟ್ಟೆ, ನಾಗೇಶಿಯವರಿಗೆ ಮಗಳದ್ದು. "ಅಪ್ಪನೇ ಗೆದ್ದುಬಿಟ್ಟರೆ?" ಅಂತ ಜೊತೆಗಾರರು ಹೆದರಿದರು. ಅವನು ಗೆಲ್ಲಬಹುದು ಅನ್ನಿಸುವ ಹಾಗೇ ಕಟ್ಟಬೇಕು. ಇಲ್ಲಾಂದ್ರೆ ಗಂಡಸರು ನಡುವೆಯೇ ಎದ್ದು ಹೋಗುತ್ತಾರೆ.

ಮೊದಲ ದಿನದ ಹಾಡಿಕೆ ಕೆಟ್ಟಿತು. ಪದ ನಾನೇ ಬರೆದಿದ್ದೆ. ಕಾಯ್ದೆ, ಶಿಕ್ಷೆ, ಮಕ್ಕಳ ಸಹಾಯವಾಣಿ 1098 ಎಲ್ಲ ತುರುಕಿದ್ದೆ. ನಾಗೇಶಿ ಹಾಡುವ ಹಿರಿಯವ್ವ ಎರಡು ನುಡಿಗೇ ನಿಲ್ಲಿಸಿದರು. "ತಮ್ಮಾ, ಇದು ಪದ ಅಲ್ಲ, ನೋಟೀಸು. ನೀ ವಿಷಯ ಹೇಳು, ಪದ ನಾ ಕಟ್ತೀನಿ" ಅಂದರು. ಅವರಿಗೆ ಮದುವೆಯಾದಾಗ 11 ವರ್ಷ. ಕೈಯಲ್ಲಿ ಬಳೆ ನಿಲ್ಲದೆ ದಾರ ಸುತ್ತಿ ಬಿಗಿ ಮಾಡಿದ್ದರಂತೆ. ಅದನ್ನೇ ಪದಕ್ಕೆ ತಂದರು. ದಾರದ ನುಡಿ ಬಂದಾಗ ಹೆಂಗಸರ ಕಡೆ ಪಿಸುಮಾತೂ ಇರಲಿಲ್ಲ. 2017ರಿಂದ ನಮ್ಮ ರಾಜ್ಯದಲ್ಲಿ ಇಂಥ ಮದುವೆ ಕಾನೂನಿನಲ್ಲಿ ಮದುವೆಯೇ ಅಲ್ಲ. ನಾನು ಇದನ್ನು ಅರ್ಧ ಗಂಟೆ ಭಾಷಣ ಮಾಡಿ ಹೇಳುತ್ತಿದ್ದೆ. ಅವರು "ಕಟ್ಟಿದರೂ ಗಂಟಲ್ಲ" ಅಂತ ಒಂದೇ ಮಾತಲ್ಲಿ ಮುಗಿಸಿದರು.

ಮೊದಲ ನಾಲ್ಕು ರಾತ್ರಿಗೆ ಕೈಯಿಂದ ಸುಮಾರು 45 ಸಾವಿರ ಹೋಯಿತು. ಅದರಲ್ಲಿ ಹೆಂಡತಿಯ ಸಂಘದ ಸಾಲವೂ ಇತ್ತು. ಐದನೇ ಊರಿಂದ ಊಟ, ಪೆಂಡಾಲು ಊರವರದ್ದೇ. ಹಾಡುವವರಿಗೆ ಜನ ಮೆಚ್ಚಿ ಕೊಡುವ ಆಯೇರಿಯೇ ರಾತ್ರಿಗೆ 2-3 ಸಾವಿರ ಬೀಳತೊಡಗಿತು. ನಾಟಕಕ್ಕೆ ಯಾರೂ 10 ರೂಪಾಯಿ ಕೊಟ್ಟಿರಲಿಲ್ಲ.

ನಡುವೆ ಬೇರೆಯವೂ ಮಾಡಿ ನೋಡಿದೆ. ಮಳೆಗಾಲದಲ್ಲಿ ಮೇಳದವರು ಬಡಿಯುವ ದಪ್ಪಿನ ಚರ್ಮ ಸಡಿಲ ಆಗುತ್ತದೆ ಅಂತ ಪೇಟೆಯಿಂದ ಪ್ಲಾಸ್ಟಿಕ್ ದಪ್ಪು ತಂದೆ. ಮೇಳದವರಿಗೆ ಧ್ವನಿಯೇ ಏಳಲಿಲ್ಲ. ಈಗ ಹಳೇ ಪೇಪರಿನ ಕಟ್ಟು ಜೊತೆಗೇ ಇರುತ್ತದೆ. ಅದನ್ನು ಉರಿಸಿ ಚರ್ಮದ ದಪ್ಪು ಕಾಯಿಸೋದು, ಬಡಿಯೋದು. ಪದವನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲೂ ಹಂಚಿದೆ. ಎದುರು ಜನ ಇಲ್ಲದೆ ಅದು ಸಪ್ಪೆ. ಆದರೆ ನಾನು ಹೇಳಿಕೊಡದೆಯೇ ಪದ ಕಳೆ ತೆಗೆಯುವ ಹೆಂಗಸರ ಬಾಯಿಗೆ ಬಂತು. ಮೂರು ಊರಿನ ಹೊಲಗಳಲ್ಲಿ ದಾರದ ನುಡಿ ನಾನೇ ಕೇಳಿದ್ದೇನೆ.

ಇನ್ನೊಂದು ಮಾತು. ಬಸವ ಜಯಂತಿ ಹತ್ತಿರ ಬಂದಾಗ ಮೇಳ ಕರೆಸಬೇಡಿ. ಅಷ್ಟೊತ್ತಿಗೆ ಮದುವೆ ನಿಶ್ಚಯ ಮುಗಿದಿರುತ್ತದೆ. ಸಂಕ್ರಾಂತಿ ಮುಗಿದ ಕೂಡಲೇ ಶುರು ಮಾಡಬೇಕು.

ಬೆಳಗಿನ ಜಾವ ನಾಗೇಶಿ ಹಾಕುವ ಕೊನೆಯ ಸವಾಲಿಗೆ ಹರದೇಶಿಯವರು ಸುಮ್ಮನಾಗುತ್ತಾರೆ. ಆ ಸವಾಲು ಯಾವುದು ಅಂತ ಇಲ್ಲಿ ಬರೆಯಲ್ಲ. ಮೊದಲೇ ಗೊತ್ತಾದರೆ ಊರವರು ಉತ್ತರ ಸಿದ್ಧ ಮಾಡಿಕೊಂಡು ಬರುತ್ತಾರೆ.

ಮೊದಲು ನಮ್ಮ ಕಿವಿಗೆ ಬೀಳುತ್ತಿದ್ದುದೇ ವರ್ಷಕ್ಕೆ 12-13 ಮದುವೆ. ಹೋದ ವರ್ಷ 2. ಒಂದೂರಲ್ಲಿ ಪದ ಮುಗಿದ ಮೇಲೆ ಒಬ್ಬ ಅಪ್ಪ ಹಿರಿಯವ್ವನ ಮುಂದೆ 101 ರೂಪಾಯಿ ಆಯೇರಿ ಇಟ್ಟು, "ಯವ್ವಾ, ಬೀಗರಿಗೆ ಎರಡು ವರ್ಷ ತಡೀರಿ ಅಂತೀನಿ" ಅಂದರು. ಆ ಹುಡುಗಿ ಈಗ ಕುಷ್ಟಗಿಯಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ.