ಮಾಸ್ಟಡಾನ್ ಎಂಬ ಸಾಮಾಜಿಕ ಜಾಲತಾಣಕ್ಕೆ ಹೋಗುವವರು ಹಳೆಯ ಖಾತೆಯನ್ನು ಅವಸರದಲ್ಲಿ ಅಳಿಸಬೇಡಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಕಬ್ಬನ್ ಪಾರ್ಕಿನ ಗುಲಾಬಿ ಟಬೆಬೂಯಾ ಹೂಗಳ ಚಿತ್ರಗಳನ್ನು ವರ್ಷವರ್ಷವೂ ಹಾಕುತ್ತಿದ್ದ ನನ್ನ ಖಾತೆಯನ್ನು ದೊಡ್ಡ ಕಂಪನಿಯೊಂದು ಕಾರಣ ಹೇಳದೆ ಮುಚ್ಚಿದಾಗ, ನನ್ನ ಬಳಿ ಒಂದರ ಪ್ರತಿಯೂ ಉಳಿದಿರಲಿಲ್ಲ. ಆದ್ದರಿಂದ ಮೊದಲು ಹಳೆಯ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಮಾಹಿತಿಯ ಪ್ರತಿಯನ್ನು ಇಳಿಸಿಕೊಳ್ಳಿ. ಅದು ಸಿದ್ಧವಾಗಲು ಕೆಲವೊಮ್ಮೆ ದಿನಗಳೇ ಹಿಡಿಯುತ್ತವೆ.

2016ರಲ್ಲಿ ಆರಂಭವಾದ ಮಾಸ್ಟಡಾನ್ ಒಬ್ಬರ ಒಡೆತನದ ಜಾಲವಲ್ಲ. ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು, ಅಂದರೆ ಬಳಕೆದಾರರ ಖಾತೆಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್‌ಗಳು, ಆಕ್ಟಿವಿಟಿಪಬ್ ಎಂಬ ಸಾಮಾನ್ಯ ನಿಯಮಾವಳಿಯ ಮೂಲಕ ಪರಸ್ಪರ ಸಂಪರ್ಕದಲ್ಲಿರುವುದರಿಂದ, ಇಮೇಲಿನಲ್ಲಿರುವಂತೆ ಇಲ್ಲಿಯೂ ವಿಳಾಸದಲ್ಲಿ ನಿಮ್ಮ ಹೆಸರಿನ ಜೊತೆ ಸರ್ವರ್‌ನ ಹೆಸರು ಸೇರಿರುತ್ತದೆ.

ಸರ್ವರ್ ಆರಿಸುವಾಗ ಅದರ ನಿಯಮಗಳನ್ನೂ, ಖರ್ಚನ್ನು ಯಾರು ಭರಿಸುತ್ತಾರೆಂಬುದನ್ನೂ ಓದಿಕೊಳ್ಳಿ. ಮಾಸ್ಟಡಾನ್‌ನ ಅಧಿಕೃತ ಪಟ್ಟಿಯಲ್ಲಿರುವ ಸರ್ವರ್‌ಗಳು ಮುಚ್ಚುವ ಮುನ್ನ ಕನಿಷ್ಠ 3 ತಿಂಗಳು ಮೊದಲೇ ತಿಳಿಸುವುದಾಗಿ ಒಪ್ಪಿರುತ್ತವೆ. ಹೊಸಬರು ಅಲ್ಲಿಂದಲೇ ಆರಿಸಿಕೊಳ್ಳುವುದು ಕ್ಷೇಮ. ಮುಂದೆ ಬೇರೆ ಸರ್ವರ್‌ಗೆ ಹೋದರೆ ನಿಮ್ಮ ಅನುಯಾಯಿಗಳನ್ನು ಜೊತೆಗೆ ಕರೆದೊಯ್ಯಬಹುದು, ಆದರೆ ಹಳೆಯ ಬರಹಗಳು ಹಿಂದೆಯೇ ಉಳಿಯುತ್ತವೆ. ಇನ್ನೊಂದು ಮಾತು: ಖಾಸಗಿ ಸಂದೇಶಗಳನ್ನು ಸರ್ವರ್ ನಡೆಸುವವರು ಓದಲು ಸಾಧ್ಯವಿರುವುದರಿಂದ ಒಟಿಪಿ, ಬ್ಯಾಂಕ್ ವಿವರಗಳನ್ನು ಅಲ್ಲಿ ಕಳುಹಿಸಲೇಬೇಡಿ.

ಮೊದಲ ವಾರ ನನ್ನ ಪುಟ, ದೀಪಾವಳಿಗೆ ಎಲ್ಲರೂ ಊರಿಗೆ ಹೋದ ಮೇಲಿನ ಬೆಂಗಳೂರಿನ ರಸ್ತೆಯಂತೆ ಖಾಲಿಯಾಗಿತ್ತು. ಏನು ತೋರಿಸಬೇಕೆಂದು ತೀರ್ಮಾನಿಸುವ ಅಲ್ಗಾರಿದಮ್ ಅಲ್ಲಿಲ್ಲ. ನೀವು ಹಿಂಬಾಲಿಸಿದವರ ಬರಹಗಳು ಬಂದ ಕ್ರಮದಲ್ಲೇ ಕಾಣಿಸುತ್ತವೆ. ಇಷ್ಟದ ಹ್ಯಾಷ್‌ಟ್ಯಾಗ್‌ಗಳನ್ನು ಹಿಂಬಾಲಿಸಿದ ಮೇಲೆಯೇ ನನಗೆ ಅಲ್ಲಿ ಮರಗಳ ಗೆಳೆಯರು ಸಿಕ್ಕಿದ್ದು.