ಛೇದ ಬೇರೆ ಇದ್ದರೆ ‘ಕಮ್ಮಿ’ ಕಾಲಂ ಹಾಕ್ರಿ

ಬಾಗಲಕೋಟೆಯ ನವನಗರದಲ್ಲಿ ಟ್ಯೂಷನ್ ಹೇಳಲು ಹತ್ತಿ ಹನ್ನೊಂದು ವರ್ಷ ಆಯ್ತು. ಬೀಜಗಣಿತದ ಭಿನ್ನರಾಶಿ ಬಂದರೆ ಹುಡುಗರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ ಪೆನ್ನು ಕೆಳಗಿಡೋದು ನಿಮಗೂ ಗೊತ್ತಿದ್ದದ್ದೇ. ‘ಅಡ್ಡ ಗುಣಾಕಾರ ಹೇಳಿಬಿಡ್ರಿ ಮಾಸ್ತರ, ಯಾಕ ತಲಿ ಕೆಡಿಸ್ಕೋತೀರಿ’ ಅಂದವರೇ ಬಹಳ. ನಾನೂ ನಾಲ್ಕೈದು ವರ್ಷ ಅದನ್ನೇ ಹೇಳಿದೆ: ಒಂದರ ಅಂಶಕ್ಕೆ ಇನ್ನೊಂದರ ಛೇದ ಗುಣಿಸಿ ಕೂಡಿಸು, ಕೆಳಗೆ ಎರಡೂ ಛೇದ ಗುಣಿಸು.

ಅದರ ಪಜೀತಿ ಕೇಳ್ರಿ. 3/(ಎಕ್ಸ್² − 4) ಮತ್ತು 2/(ಎಕ್ಸ್² + 5ಎಕ್ಸ್ + 6) ಕೂಡಿಸಲು ಕೊಟ್ಟೆ. ಅಡ್ಡ ಗುಣಿಸಿದವರಿಗೆ ಮೇಲೆ 5ಎಕ್ಸ್² + 15ಎಕ್ಸ್ + 10, ಕೆಳಗೆ ಎಕ್ಸ್⁴ + 5ಎಕ್ಸ್³ + 2ಎಕ್ಸ್² − 20ಎಕ್ಸ್ − 24. ತಪ್ಪೇನಿಲ್ಲ. ಆದರೆ ಎರಡರಲ್ಲೂ (ಎಕ್ಸ್ + 2) ಅಡಗಿ ಕೂತದ್ದು ಯಾರಿಗೂ ಕಾಣಲಿಲ್ಲ. ಒಬ್ಬನಂತೂ ಮೇಲಿನ ಎಕ್ಸ್², ಕೆಳಗಿನ ಎಕ್ಸ್² ಎರಡನ್ನೂ ಕಾಟು ಹೊಡೆದು ಅಡಿಗೆರೆ ಎಳೆದಿದ್ದ.

ಹೀಗೆ ಅಡಗಿ ಕೂತ ತುಂಡು, ಅಂದರೆ ಅಪವರ್ತನ, ಒಂದೊಂದಕ್ಕೂ ಒಂದು ಬಣ್ಣ ಅಂತ ಕಾರ್ಡು ಮಾಡಿಸಿದೆ. ಲ್ಯಾಮಿನೇಷನ್ ಸೇರಿ 1,400 ರೂಪಾಯಿ ಹೋಯ್ತು. ತಿಂಗಳೊಳಗೆ ಅರ್ಧ ಕಾರ್ಡು ಕಾಣೆ. ಆಮೇಲೆ ಕೆಳಗಿನ ಟೇಲರ್ ಹತ್ತಿರ ಗುಳೇದಗುಡ್ಡ ಖಣದ ಚಿಂದಿ ಪುಕ್ಕಟೆ ತಂದೆ. ಕೆಂಪು ಅಂದರೆ (ಎಕ್ಸ್ + 2). ಎರಡು ದಿನ ಭಾರಿ ಹುರುಪು. ಮೂರನೇ ದಿನ ಬೇರೆ ಲೆಕ್ಕ ಕೊಟ್ಟರೆ, ‘ಸರ, ಇದರಾಗ ಕೆಂಪು ಎಲ್ಲೈತ್ರಿ?’ ಚಿಂದಿ ಮನೆಯಲ್ಲಿ ಕೌದಿಗೆ ಹೋಯ್ತು.

ಈಗಿನದು ಬರೀ ನೋಟ್‌ಬುಕ್ಕಿನ ಕೆಲಸ. ಛೇದ ಬಿಡಿಸು: (ಎಕ್ಸ್ − 2)(ಎಕ್ಸ್ + 2), ಇನ್ನೊಂದು (ಎಕ್ಸ್ + 2)(ಎಕ್ಸ್ + 3). ಪಕ್ಕದಲ್ಲಿ ‘ಕಮ್ಮಿ’ ಅಂತ ಕಾಲಂ, ಇನ್ನೊಂದರಲ್ಲಿದ್ದು ಇದರಲ್ಲಿಲ್ಲದ ತುಂಡು ಅಲ್ಲಿ ಬರಿ. ಮೊದಲನೆಯವನಿಗೆ ಕಮ್ಮಿ ಬಿದ್ದದ್ದು (ಎಕ್ಸ್ + 3), ಎರಡನೆಯವನಿಗೆ (ಎಕ್ಸ್ − 2). ಯಾರಿಗೆ ಏನು ಕಮ್ಮಿಯೋ ಅದನ್ನೇ ಅವನ ಮೇಲೆ ಕೆಳಗೆ ಗುಣಿಸು. ಮೇಲೆ 3(ಎಕ್ಸ್ + 3) + 2(ಎಕ್ಸ್ − 2), ಅಂದರೆ 5(ಎಕ್ಸ್ + 1). ಕೆಳಗಿನ ಮೂರು ತುಂಡು ಹಾಗೇ ಇರಲಿ, ಬಿಡಿಸಿ ಗುಣಿಸೋದು ಬೇಡ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಅನ್ನೋ ಮಾತನ್ನೇ ಮೊದಲ ವಾರ ಎತ್ತಲಿಲ್ಲ. (ಎಕ್ಸ್ + 2)² ಬಂದಾಗ ಮಾತ್ರ ಎಡವಿದರು, ಒಂದೇ ತುಂಡು ತಗೊಂಡರು. ‘ಯಾರ ಹತ್ರ ಹೆಚ್ಚು ಅದಾವೋ ಅಷ್ಟು’ ಅಂದ ಮೇಲೆ ಸರಿಹೋಯ್ತು.

ಇದೇನು ಹೊಸದಲ್ಲ ಬಿಡ್ರಿ. ಅಮೋಘವರ್ಷ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯ 850ರ ಸುಮಾರಿಗೇ ಭಿನ್ನರಾಶಿಗೆ ಲ.ಸಾ.ಅ. ಬಳಸಿದ್ದ, ಅದಕ್ಕೆ ‘ನಿರುದ್ಧ’ ಅಂತ ಹೆಸರು. ಕಾಲಂ ಮಾತ್ರ ನನ್ನದು.

ತಾಳೆ ನೋಡಲು ಎಕ್ಸ್‌ಗೆ ಒಂದು ಬೆಲೆ ಹಾಕಿಸುತ್ತೇನೆ. ಮೊದಲ ಸಲ ಗಡಿಬಿಡಿಯಲ್ಲಿ 2 ಹಾಕ್ರಿ ಅಂದುಬಿಟ್ಟೆ. ಛೇದ ಸೊನ್ನೆ! ಹಿಂದಿನ ಸಾಲಿನವರು ನಕ್ಕಿದ್ದು ಟೇಲರ್ ಅಂಗಡಿಗೂ ಕೇಳಿರಬೇಕು. 3 ಹಾಕಿದರೆ 3/5 + 2/30, ಅದು 2/3; ಉತ್ತರದಲ್ಲೂ 20/30. ಜಮಾ ಆಯ್ತು.

ನಡುವೆ ಮೈನಸ್ ಇದ್ದಾಗ ಹುಡುಗರು ಚಿಹ್ನೆ ನುಂಗೋದಕ್ಕೂ ನನ್ನ ಹತ್ರ ಒಂದು ಮದ್ದಿದೆ. ಅದನ್ನು ಇಲ್ಲಿ ಬರೆಯೋದಿಲ್ಲ, ಟ್ಯೂಷನ್ ಹೊಟ್ಟೆಪಾಡು ನೋಡ್ರಿ.

ಇಪ್ಪತ್ತಾರು ಮಂದಿಯಲ್ಲಿ ಮೊದಲು ಆರೇಳು ಜನ ಸರಿ ಮಾಡುತ್ತಿದ್ದರು, ಈಗ ಇಪ್ಪತ್ತರ ಹತ್ತಿರ. ಅಡ್ಡ ಗುಣಾಕಾರ ಹೇಳಿಬಿಡ್ರಿ ಅಂದಿದ್ದ ಮಾಸ್ತರರೊಬ್ಬರು ನನ್ನ ನೋಟ್ಸ್ ಒಯ್ದು ಹದಿನೈದು ದಿನ ಆಯ್ತು, ಇನ್ನೂ ತಂದುಕೊಟ್ಟಿಲ್ಲ.