ದೋಣಿಗೆ ವಿದ್ಯುತ್ ಮೋಟಾರು: ಫ್ಯೂಸ್ ಎಲ್ಲಿ, ಅರ್ಥಿಂಗ್ ಹೇಗೆ?

ಲಿಂಗನಮಕ್ಕಿ ಹಿನ್ನೀರಿನ ಸಣ್ಣ ದೋಣಿಯಿಂದ ಡೀಸೆಲ್ ಎಂಜಿನ್ ಇಳಿಸಿ ವಿದ್ಯುತ್ ಮೋಟಾರು ಕೂರಿಸುವುದು ಈಗ ದೊಡ್ಡ ವಿದ್ಯೆಯೇನಲ್ಲ. ‘48 ವೋಲ್ಟ್ ತಾನೆ, ಶಾಕ್ ಹೊಡೆಯದು’ ಎಂಬ ಧೈರ್ಯವೇ ಅಪಾಯ. ಲಿಥಿಯಂ ಬ್ಯಾಟರಿ ಶಾರ್ಟ್ ಆದರೆ ಸಾವಿರಾರು ಆಂಪಿಯರ್ ನುಗ್ಗಿ ಬೆಂಕಿ ಹತ್ತುತ್ತದೆ. ಸಣ್ಣ ದೋಣಿಗಳ ವಿದ್ಯುತ್ ಚಾಲನೆಗೆ ಐಎಸ್‌ಒ 16315, ವೈರಿಂಗ್‌ಗೆ ಐಎಸ್‌ಒ 13297 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಮಿಸ್ತ್ರಿಗೆ ಇವು ಗೊತ್ತಿವೆಯೇ ಎಂದು ಕೇಳಿಯೇ ಕೆಲಸ ಒಪ್ಪಿಸಿ.

ಮೊದಲು ಲೆಕ್ಕ. 4 ಕಿಲೋವಾಟ್ ಮೋಟಾರು 48 ವೋಲ್ಟಿನಲ್ಲಿ ಸುಮಾರು 83 ಆಂಪಿಯರ್ ಎಳೆಯುತ್ತದೆ. ಇದಕ್ಕೆ 35 ಚದರ ಮಿ.ಮೀ. ಕೇಬಲ್, 125 ಆಂಪಿಯರ್ ಫ್ಯೂಸ್ ಸರಿ. ಕೇಬಲ್ ಬಹುಎಳೆಯದಾಗಿರಲಿ, ತವರದ ಲೇಪನವಿರಲಿ. ಬರೀ ತಾಮ್ರಕ್ಕೆ ಮಳೆಗಾಲದಲ್ಲಿ ಒಳಗೊಳಗೇ ಕಿಲುಬು ಹಿಡಿದು ಜೋಡಣೆ ಬಿಸಿಯಾಗುತ್ತದೆ. 45 ಸೆಂ.ಮೀ.ಗೊಂದು ಕ್ಲಿಪ್ ಹಾಕಿ.

ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಯಿಂದ 20 ಸೆಂ.ಮೀ. ಒಳಗಿರಬೇಕು; ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ರಕ್ಷಣೆಯೇ ಇರುವುದಿಲ್ಲ. ಕಾರಿನ ಫ್ಯೂಸ್ ಅಗ್ಗವೆಂದು ಹಾಕಬೇಡಿ. ಅವುಗಳಲ್ಲಿ ಹೆಚ್ಚಿನವು 32 ವೋಲ್ಟಿನವು. ಲಿಥಿಯಂ ಐರನ್ ಫಾಸ್ಫೇಟ್‌ನ 16 ಸೆಲ್‌ಗಳ ‘48 ವೋಲ್ಟ್’ ಪ್ಯಾಕ್ ಪೂರ್ತಿ ಚಾರ್ಜ್ ಆದಾಗ 58.4 ವೋಲ್ಟ್ ಇರುತ್ತದೆ. ಹಾಗಾಗಿ ಕಾರಿನ ಫ್ಯೂಸಿನ ಒಳಗಿನ ಎಳೆ ಕರಗಿದರೂ ಕಿಡಿ ಉರಿಯುತ್ತಲೇ ಇರಬಹುದು. 20,000 ಆಂಪಿಯರ್ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸ್ ತನ್ನಿ.

ಮುಖ್ಯ ಸ್ವಿಚ್ ಡಿಸಿಗೆಂದೇ ಮಾಡಿದ್ದು, ಚಾಲಕನ ಕೈಗೆ ಎಟುಕುವಲ್ಲಿರಲಿ. ಮೋಟಾರಿನ ವೇಗ ನಿಯಂತ್ರಿಸುವ ಕಂಟ್ರೋಲರಿನ ಕೆಪಾಸಿಟರ್‌ಗಳು ಆನ್ ಮಾಡಿದೊಡನೆ ಭಾರೀ ಕರೆಂಟು ಹೀರುತ್ತವೆ. ಆ ಕರೆಂಟನ್ನು ಮೊದಲು ಮೆಲ್ಲಗೆ ಬಿಡುವ ಪ್ರೀ-ಚಾರ್ಜ್ ರೆಸಿಸ್ಟರ್ ಇಲ್ಲದಿದ್ದರೆ ಸ್ವಿಚ್ಚಿನ ಬಿಲ್ಲೆಗಳು ಬೆಸೆದುಕೊಂಡು ಬಿಡುತ್ತವೆ. ಬೇಕಾದ ಹೊತ್ತಿಗೆ ಆಫ್ ಆಗುವುದಿಲ್ಲ.

ಬ್ಯಾಟರಿ ಪೆಟ್ಟಿಗೆ ತಳದಲ್ಲಿ ನಿಲ್ಲುವ ನೀರಿಗಿಂತ ಮೇಲಿರಲಿ. ತನ್ನ ಎರಡರಷ್ಟು ತೂಕದ ಬಲದಿಂದ ಎಳೆದರೂ 10 ಮಿ.ಮೀ.ಗಿಂತ ಜರುಗಬಾರದು. ಪ್ಲಸ್ಸನ್ನಾಗಲಿ ಮೈನಸ್ಸನ್ನಾಗಲಿ ಲೋಹದ ಒಡಲಿಗೆ ಸೇರಿಸಬೇಡಿ. ಸೋರಿದ ಕರೆಂಟು ಅಲ್ಯೂಮಿನಿಯಂ, ಕಬ್ಬಿಣವನ್ನು ತೂತು ಬೀಳುವಷ್ಟು ತಿನ್ನುತ್ತದೆ.

ಜೀವಕ್ಕೆ ನಿಜವಾದ ಅಪಾಯ ದಡದಲ್ಲಿ ಚಾರ್ಜ್ ಮಾಡುವಾಗ. ಅಲ್ಲಿರುವುದು 230 ವೋಲ್ಟ್. ಸಮುದ್ರದಲ್ಲಿ ಉಪ್ಪುನೀರೇ ಕರೆಂಟನ್ನು ಒಯ್ಯುತ್ತದೆ. ಹಿನ್ನೀರಿನ ಸಿಹಿನೀರಿಗಿಂತ ಮನುಷ್ಯನ ಮೈಯೇ ಒಳ್ಳೆಯ ವಾಹಕವಾದ್ದರಿಂದ ಸೋರಿದ ಕರೆಂಟು ಈಜುವವನ ಮೂಲಕ ಹಾದು ಹೋಗುತ್ತದೆ. ಸ್ನಾಯು ಸೆಟೆದು ಈಜು ಬಲ್ಲವನೂ ಮುಳುಗುತ್ತಾನೆ. ಹಾಗಾಗಿ ಕರೆಂಟು ಸೋರಿದೊಡನೆ ಸರಬರಾಜು ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಕಡ್ಡಾಯ. ತಿಂಗಳಿಗೊಮ್ಮೆ ಟೆಸ್ಟ್ ಗುಂಡಿ ಒತ್ತಿ ನೋಡಿ. ಬೇಸಿಗೆಯಲ್ಲಿ ನಮ್ಮ ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ಕೈಕೊಡುತ್ತದೆ, ಅರ್ಥ್ ಗುಂಡಿಗೆ ನೀರು ಹಾಕುತ್ತಿರಿ. ಚಾರ್ಜ್ ಆಗುತ್ತಿರುವಾಗ ದೋಣಿಯ ಸುತ್ತ ಯಾರೂ ನೀರಿಗಿಳಿಯಬಾರದು.

ನೀರಿಗಿಳಿಸುವ ಮೊದಲು 500 ವೋಲ್ಟ್ ಮೆಗ್ಗರ್‌ನಿಂದ ಕೇಬಲ್‌ಗೂ ಒಡಲಿಗೂ ನಡುವಿನ ಇನ್ಸುಲೇಷನ್ ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ತೇವ ಸೇರಿದೆ ಅಥವಾ ಕವಚ ಉಜ್ಜಿ ಹೋಗಿದೆ. ಅಳೆಯುವಾಗ ಬ್ಯಾಟರಿ, ಬಿಎಂಎಸ್ (ಬ್ಯಾಟರಿಯನ್ನು ನೋಡಿಕೊಳ್ಳುವ ಸರ್ಕ್ಯೂಟ್), ಕಂಟ್ರೋಲರ್ ಮೂರನ್ನೂ ಬಿಚ್ಚಿಡಿ, ಇಲ್ಲವಾದರೆ ಅವು ಸುಡುತ್ತವೆ.